ಮೇಲಿನ ರೂಮು: ವಿನೋಬನಗರದ ಒಂದು ಊಟದ ಮನೆಯಲ್ಲಿ ಆರು ವಾರ

ಜರ್ಮನಿಯಿಂದ ಶಿವಮೊಗ್ಗಕ್ಕೆ ಟ್ರೈನಿಂಗ್‌ಗೆ ಬರುತ್ತಿದ್ದೇನೆ ಅಂದಾಗ ಅಣ್ಣ ಫೋನಿನಲ್ಲೇ ನಕ್ಕ. "ಉಲ್ಟಾ ಆಯ್ತಲ್ಲೇ!" ಅಂದ. ಊರಿನವರನ್ನು ನಂಬಿಸುವಷ್ಟರಲ್ಲಿ ಸಾಕಾಯಿತು. ಕೆಲಸ ಹೋಗಿರಬೇಕು, ಹೇಳಿಕೊಳ್ಳೋಕೆ ನಾಚಿಕೆ, ಅದಕ್ಕೇ ಟ್ರೈನಿಂಗ್ ಅಂತ ಹೇಳ್ತಾಳೆ ಎಂದು ಒಬ್ಬರು ಅಮ್ಮನ ಎದುರಿಗೇ ಅಂದರಂತೆ.

ನಡೆದದ್ದು ಇಷ್ಟೇ. ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಿನಲ್ಲಿ ಪಂಪ್ ಮಾಡುವ ಕಂಪನಿಯೊಂದರಲ್ಲಿ ನಾನು ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪಂಪಿನ ಹೊರಗಿನ ಚಿಪ್ಪು ಎರಕದ ಕಬ್ಬಿಣದ್ದು. ನಮ್ಮ ಕಂಪನಿಗೆ ಅದರಲ್ಲಿ ಒಂದಷ್ಟು ಶಿವಮೊಗ್ಗದ ಫೌಂಡ್ರಿಯಿಂದ ಬರುತ್ತದೆ. ಇಷ್ಟು ದಿನ ಡಿಸೈನ್ ಮಾಡಿಕೊಂಡಿದ್ದವಳನ್ನು ಈ ವರ್ಷ ಕ್ವಾಲಿಟಿ ವಿಭಾಗಕ್ಕೆ ಹಾಕಿದರು. ಎರಕ ಹೊಯ್ಯುವುದನ್ನು ಕಣ್ಣಾರೆ ನೋಡದೆ ಅದರಲ್ಲಿ ತಪ್ಪು ಹುಡುಕಬೇಡ ಎಂದು ಬಾಸ್ ಆರು ವಾರ ಇಲ್ಲಿಗೇ ಕಳಿಸಿದರು. ನಾನು ತೀರ್ಥಹಳ್ಳಿ ಕಡೆಯವಳು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಮ್ಯಾಪ್‌ನಲ್ಲಿ ತೋರಿಸಿದೆ. "ಹಾಗಾದರೆ ಹೋಟೆಲ್ ಖರ್ಚು ಉಳಿಯಿತು" ಅಂದರು.

ಉಳಿಯಲಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗ ಹೆಚ್ಚುಕಡಿಮೆ 60 ಕಿಲೋಮೀಟರ್. ನಮ್ಮ ಮನೆ ಅಲ್ಲಿಂದಲೂ ಒಳಗೆ. ಫೌಂಡ್ರಿ ಇರುವುದು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ಮಾಚೇನಹಳ್ಳಿಯಲ್ಲಿ. ಪಾಳಿ ಬೆಳಿಗ್ಗೆ 6ಕ್ಕೆ ಶುರು. ಸಾಲದ್ದಕ್ಕೆ ನಾನು ಬಂದಿಳಿದದ್ದು ಆರಿದ್ರಾ ಮಳೆಯಲ್ಲಿ. ಹಾಗಾಗಿ ಹುಟ್ಟಿದ ಜಿಲ್ಲೆಯಲ್ಲೇ ಬಾಡಿಗೆ ರೂಮು ಹುಡುಕಬೇಕಾಯಿತು.

ಮೊದಲ ನಾಲ್ಕು ರಾತ್ರಿ ಕಂಪನಿ ಬುಕ್ ಮಾಡಿದ ಹೋಟೆಲಿನಲ್ಲಿದ್ದೆ. ಎಸಿ ಇತ್ತು. ಹೊರಗೆ ಜಡಿಮಳೆ, ಒಳಗೆ ಎಸಿ, ಯಾರಿಗೆ ಬೇಕು? ತಿಂಡಿ ಶುರುವಾಗುತ್ತಿದ್ದದ್ದು ಏಳೂವರೆಗೆ. ನಾನು ಐದೂವರೆಗೇ ವ್ಯಾನ್ ಹತ್ತಬೇಕು. ನಾಲ್ಕು ದಿನ ಬಾಳೆಹಣ್ಣು, ಬಿಸ್ಕತ್ತು ತಿಂದು ಕುಲುಮೆ ಎದುರು ನಿಂತೆ. ಐದನೇ ದಿನ ವ್ಯಾನ್ ಡ್ರೈವರ್ ನನ್ನ ಮುಖ ನೋಡಿ, "ಮೇಡಂ, ವಿನೋಬನಗರದಲ್ಲಿ ಒಬ್ಬರು ಅಮ್ಮ ಇದ್ದಾರೆ, ಕೇಳಿ ನೋಡಿ" ಅಂದ.

ಈಗ ಆ ಅಮ್ಮನ ಮನೆಯ ವಿಚಾರ. ಹೆಸರು, ಅಡ್ರೆಸ್ ಹಾಕುವುದಿಲ್ಲ. ಬೋರ್ಡ್ ಕೂಡ ಇಲ್ಲದ ಮನೆ ಅದು. ಬರೆಯುತ್ತೇನೆ ಅಂದಾಗ ಅವರೇ ಬೇಡ ಅಂದರು. "ಹೆಸರು ಹಾಕಿದ್ರೆ ಟೂರಿಸ್ಟ್‌ಗಳು ಬರ್ತಾರೆ. ಜೋಗಕ್ಕೆ ಕಾರು ಮಾಡಿಕೊಡಿ ಅಂತಾರೆ." ಆ ಕಡೆ ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ, ಅಷ್ಟು ಸಾಕು.

ಕೆಳಗೆ ಅವರ ಮನೆ, ಉದ್ದನೆಯ ಊಟದ ಹಾಲ್. ಮೇಲೆ ಮೂರು ರೂಮು, ಹೆಂಗಸರಿಗೆ ಮಾತ್ರ. ಊಟಕ್ಕೆ ಹೊರಗಿನವರೂ ಬರುತ್ತಾರೆ. ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗರು, ಇಬ್ಬರು ಲೆಕ್ಚರರ್‌ಗಳು, ರಿಟೈರ್ ಆದ ಒಬ್ಬ ಕಂಡಕ್ಟರ್. ತಿಂಡಿ, ಎರಡು ಹೊತ್ತಿನ ಊಟ ಸೇರಿ ನನ್ನ ರೂಮಿಗೆ ತಿಂಗಳಿಗೆ 9,500 ರೂಪಾಯಿ. ಯೂರೋಗೆ ಲೆಕ್ಕ ಹಾಕಿ ಖುಷಿಪಡುವ ಚಾಳಿ ನನಗೂ ಇದೆ. ಆದರೆ ಬ್ಯಾಂಕಿನ ಹುಡುಗರನ್ನು ಕೇಳಿದೆ, ಅವರೂ ರೇಟು ಸರಿಯಾಗಿದೆ ಅಂದರು. ಅವರ ಮಾತನ್ನೇ ನಂಬಿ.

ರೂಮಿನ ಬಗ್ಗೆ ಜಾಸ್ತಿ ಹೇಳುವುದಕ್ಕೇನಿಲ್ಲ. ಮಂಚ, ಮೇಜು, ಕಬ್ಬಿಣದ ಬೀರು. ಹಾಸಿಗೆ ನಡುವೆ ತಗ್ಗು. ಗೋಡೆಗೆ ಮಳೆಗಾಲದ ನಕ್ಷೆ ಬಂದಿತ್ತು, ಮೂಲೆಯಲ್ಲಿ ಆಫ್ರಿಕಾದ ಥರ ಒಂದು ಮಚ್ಚೆ. ನಾನಿದ್ದ ಆರು ವಾರದಲ್ಲಿ ಅದು ಪಕ್ಕದ ಸ್ವಿಚ್ ಬೋರ್ಡಿನವರೆಗೂ ಬೆಳೆಯಿತು. ಚರ್ಮದ ಬೆಲ್ಟಿಗೆ ಹತ್ತನೇ ದಿನಕ್ಕೇ ಹಸಿರು ಬೂಷ್ಟು. ಮಲೆನಾಡಿನವರಿಗೆ ಇದರಲ್ಲಿ ಹೊಸದೇನಿಲ್ಲ. ಬೆಂಗಳೂರಿನಿಂದ ಬರುವವರು ಬೆಲ್ಟನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಆದರೆ ಬಚ್ಚಲಿನ ಬಗ್ಗೆ ಹೇಳಲೇಬೇಕು. ಅದಕ್ಕೆ ಮೊದಲು ಫೌಂಡ್ರಿ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಇಲ್ಲದಿದ್ದರೆ ಬರೀ ಬಿಸಿನೀರಿಗೆ ಇಷ್ಟು ಯಾಕೆ ಹೊಗಳುತ್ತಾಳೆ ಅಂದುಕೊಳ್ಳುತ್ತೀರಿ.

ಎರಕದ ಅಚ್ಚು ಮಾಡುವುದು ಮರಳಿನಲ್ಲಿ. ಅದಕ್ಕೆ ಗ್ರೀನ್ ಸ್ಯಾಂಡ್ ಅಂತ ಹೆಸರು, ಬಣ್ಣ ಮಾತ್ರ ಕಾಡಿಗೆ ಕಪ್ಪು. ಗ್ರೀನ್ ಅಂದರೆ ಇಲ್ಲಿ ಹಸಿ, ಸುಡದೇ ಇರುವುದು ಅಂತ. ಮರಳಿಗೆ ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ, ನೀರು ಕಲಸುತ್ತಾರೆ. ನೀರು ನೂರಕ್ಕೆ ಮೂರೋ ನಾಲ್ಕೋ ಪಾಲು ಇರಬೇಕು. ಜಾಸ್ತಿಯಾದರೆ ಕಬ್ಬಿಣ ಹೊಯ್ದಾಗ ಆವಿ ಎದ್ದು ಎರಕದ ಹೊಟ್ಟೆಯಲ್ಲಿ ಗುಳ್ಳೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರುತ್ತದೆ. ಜರ್ಮನಿಯಲ್ಲಿ ನಾನು ಗುಳ್ಳೆ ನೋಡಿ ಕೆಂಪು ಗುರುತು ಹಾಕಿ ವಾಪಸ್ ಕಳಿಸುತ್ತಿದ್ದೆ. ಇಲ್ಲಿ ಅದು ಯಾಕೆ ಆಗುತ್ತದೆ ಅಂತ ಮುಟ್ಟಿ ಗೊತ್ತಾಯಿತು. ಲ್ಯಾಬ್‌ನಲ್ಲಿ ಮೀಟರ್ ಇದೆ. ಆದರೂ ಅಲ್ಲಿನ ಹಿರಿಯ ಮೇಸ್ತ್ರಿ ಮರಳನ್ನು ಮುಷ್ಟಿಯಲ್ಲಿ ಹಿಡಿದು, ಬಿಚ್ಚಿ, ಮುರಿದು ನೋಡುತ್ತಾರೆ. ಮುರಿದ ಅಂಚು ಚೂಪಾಗಿದ್ದರೆ ಸೈ. "ಮಳೆಗಾಲದಲ್ಲಿ ಮೀಟರ್‌ಗಿಂತ ಮೊದಲು ಕೈಗೆ ಗೊತ್ತಾಗುತ್ತೆ" ಅಂದರು. ನನ್ನ ಕೈಗೆ ಅದು ಗೊತ್ತಾಗಲು ಮೂರು ವಾರ ಬೇಕಾಯಿತು.

ಕಬ್ಬಿಣ ಹೊಯ್ಯುವಾಗ ಸುಮಾರು 1,400 ಡಿಗ್ರಿ. ಗಟ್ಟಿ ಜಾತಿಯ ಎರಕವಾದರೆ ಮೆಗ್ನೀಸಿಯಂ ಹಾಕುತ್ತಾರೆ. ಕಣ್ಣು ಕೋರೈಸುವ ಬೆಳಕು, ಬಿಳಿ ಹೊಗೆ. ಹಾಕಿದ ಮೇಲೆ ಹತ್ತು ನಿಮಿಷದ ಆಸುಪಾಸಿನಲ್ಲಿ ಹೊಯ್ದು ಮುಗಿಸಬೇಕು. ತಡವಾದರೆ ಮೆಗ್ನೀಸಿಯಂ ಇಳಿದುಹೋಗಿ ಕಬ್ಬಿಣ ತನ್ನ ಹಳೆಯ ಗುಣಕ್ಕೇ ಹೋಗುತ್ತದೆ. ಹೀಗಾಗಿ ಓಡಾಟವೋ ಓಡಾಟ. ಪಾಳಿ ಮುಗಿಸಿ ಮೂರು ಗಂಟೆಗೆ ಬಂದರೆ ಮೂಗಿನ ಹೊಳ್ಳೆ ಕಪ್ಪು, ಕಿವಿ ಹಿಂದೆ ಕಪ್ಪು, ಕೂದಲಿನಲ್ಲಿ ಮರಳು.

ಈ ಸ್ಥಿತಿಯಲ್ಲಿ ಮೊದಲ ದಿನ ಆ ಮನೆಯ ಹಿಂಬಾಗಿಲಿನಲ್ಲಿ ನಿಂತೆ. ಅಮ್ಮ ಮೇಲಿನಿಂದ ಕೆಳಗೆ ಒಂದು ಸಲ ನೋಡಿದರು. "ಚಪ್ಪಲಿ ಅಲ್ಲೇ ಬಿಡು. ಬಟ್ಟೆ ಈ ಬಕೆಟ್‌ಗೆ, ಬೇರೆ ಬಟ್ಟೆ ಜೊತೆ ಸೇರಿಸಬೇಡ. ಮೊದಲು ತಲೆಗಲ್ಲ, ಮುಖಕ್ಕೆ ನೀರು." ಕೈಯಲ್ಲಿ ಒಂದು ಬೆಲ್ಲದ ಉಂಡೆ ಇಟ್ಟರು. ಕೇಳಿದರೆ, ಅವರ ಯಜಮಾನರು ಭದ್ರಾವತಿ ಕಾರ್ಖಾನೆಯಲ್ಲಿ ಇದ್ದವರು. ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ, ಕೆಮ್ಮಣ್ಣುಗುಂಡಿ ಅದಿರು, ಮಲೆನಾಡಿನ ಮರದ ಇದ್ದಿಲು ಬಳಸಿ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ್ದು. ಯಜಮಾನರು ಸೇರಿದ್ದು ಅದೆಷ್ಟೋ ವರ್ಷ ಆದಮೇಲೆ. ಮೂವತ್ತು ವರ್ಷ ಅವರ ಬಟ್ಟೆ ಒಗೆದವರಿಗೆ ನನ್ನ ಬಟ್ಟೆ ಯಾವ ಲೆಕ್ಕ? ಬೆಲ್ಲ ತಿಂದರೆ ಗಂಟಲಿನ ಧೂಳು ಇಳಿಯುತ್ತದೆ ಅನ್ನುವುದು ಕಾರ್ಖಾನೆಯವರ ನಂಬಿಕೆ. ಇಳಿಯುತ್ತದೋ ಇಲ್ಲವೋ, ಆ ಹೊತ್ತಿಗೆ ಬೆಲ್ಲ ಬೇಕು ಅನ್ನಿಸುವುದಂತೂ ನಿಜ.

ಬಿಸಿನೀರು ಹಂಡೆಯದ್ದು. ಛಾವಣಿ ಮೇಲೆ ಸೋಲಾರ್ ಇದೆ, ಮಳೆಗಾಲದಲ್ಲಿ ಅದು ಕಾಗೆ ಕೂರುವುದಕ್ಕೆ. ಹಿತ್ತಲಿನ ಬಚ್ಚಲಿನಲ್ಲಿ ಅಡಿಕೆ ಸಿಪ್ಪೆ ತುಂಬಿ ಒಲೆ ಹಚ್ಚುತ್ತಾರೆ. ಕರೆಂಟ್ ಹೋದರೂ ನೀರು ಕುದಿಯುತ್ತಿರುತ್ತದೆ. ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಪುನರ್ವಸು ಮಳೆಯಲ್ಲಿ ಒಂದೇ ದಿನದಲ್ಲಿ ಯೂನಿಫಾರ್ಮ್ ಒಣಗಿದ್ದು ಶಿವಮೊಗ್ಗದಲ್ಲೇ ಈ ಮನೆಯಲ್ಲಿ ಮಾತ್ರ ಇರಬೇಕು. ಬಟ್ಟೆಗೆಲ್ಲ ಹೊಗೆ ವಾಸನೆ. ಫೌಂಡ್ರಿಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ವಾಪಸ್ ಹೋದ ಮೇಲೆ ಆಫೀಸಿನಲ್ಲಿ ಪಕ್ಕದ ಮೇಜಿನವಳು ಗಮನಿಸಿದಳು.

ಇನ್ನು ಊಟ.

ಬೆಳಿಗ್ಗೆ 5 ಗಂಟೆ 10 ನಿಮಿಷಕ್ಕೆ ತಟ್ಟೆಯಲ್ಲಿ ತಿಂಡಿ ಇರುತ್ತಿತ್ತು. ಇದೊಂದಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ. ಹೆಚ್ಚು ದಿನ ಅಕ್ಕಿ ರೊಟ್ಟಿ. ಉಕ್ಕರಿಸಿದ ಹಿಟ್ಟಿನದ್ದು, ತೆಳ್ಳಗೆ ಲಟ್ಟಿಸಿ ಕೆಂಡದ ಮೇಲೆ ಉಬ್ಬಿಸಿದ್ದು. ಈರುಳ್ಳಿ, ಸಬ್ಬಸಿಗೆ ಹಾಕಿ ತಟ್ಟುವ ದಪ್ಪ ರೊಟ್ಟಿ ಬೇರೆ, ಅದನ್ನು ಇವರು ರೊಟ್ಟಿ ಅಂತ ಒಪ್ಪುವುದೇ ಇಲ್ಲ. ಜೊತೆಗೆ ಕಾಯಿಚಟ್ನಿ, ಕೇಳಿದರೆ ಜೋನಿ ಬೆಲ್ಲ, ತುಪ್ಪ. ಬುಧವಾರ ಕಡುಬು. ಸೋಮವಾರ ಉಪ್ಪಿಟ್ಟು. ಉಪ್ಪಿಟ್ಟಿನ ಬಗ್ಗೆ ಏನೂ ಹೇಳುವುದಿಲ್ಲ, ಅದು ಎಲ್ಲ ಕಡೆಯೂ ಉಪ್ಪಿಟ್ಟೇ.

ಅಮ್ಮ ಸಾಗರದ ಕಡೆಯವರು. ಸಸ್ಯಾಹಾರ ಮಾತ್ರ. ಮಳೆಗಾಲದಲ್ಲಿ ಏಡಿ ಸಾರು ಬೇಕು ಅನ್ನುವ ನನ್ನಂಥವರು ಊರಿಗೆ ಹೋಗುವ ಭಾನುವಾರದವರೆಗೆ ಕಾಯಬೇಕು. ಆದರೆ ಸೊಪ್ಪಿನ ವಿಷಯದಲ್ಲಿ ಇವರ ಕೈ ದೊಡ್ಡದು. ಒಂದು ದಿನ ಒಂದೆಲಗದ ತಂಬುಳಿ, ಮರುದಿನ ಚಕ್ರಮುನಿ, ನೆಗಡಿ ಬಂದವರಿಗೆ ದೊಡ್ಡಪತ್ರೆ. ಕೆಸುವಿನ ಸೊಪ್ಪಿನ ಕರಕಲಿಗೆ ವಾಟೆಹುಳಿ. ಹುಳಿ ಕಡಿಮೆಯಾದರೆ ಕೆಸು ಗಂಟಲು ಕೆರೆಯುತ್ತದೆ, ಒಮ್ಮೆಯೂ ಕೆರೆಯಲಿಲ್ಲ. ಗಾಂಧಿ ಬಜಾರಿನಿಂದ ಕಳಲೆ, ಅಂದರೆ ಎಳೆ ಬಿದಿರು, ತಂದ ವಾರ ಅದನ್ನು ಹೆಚ್ಚಿ ಮೂರು ದಿನ ನೀರು ಬದಲಿಸುತ್ತಾ ನೆನೆಸಿಟ್ಟರು. ಮೂರನೇ ದಿನ ಪಲ್ಯ, ನಾಲ್ಕನೇ ದಿನ ಹುಳಿ. ನೀರು ಬದಲಿಸುವುದು ಬರೀ ಕಹಿ ಹೋಗುವುದಕ್ಕಲ್ಲ, ಹಸಿ ಕಳಲೆಯಲ್ಲಿ ವಿಷವಿರುತ್ತದೆ. ಜರ್ಮನಿಯಲ್ಲಿ ನಾನು ಡಬ್ಬಿ ಕಳಲೆ ತಂದು ಮಾಡಿದ್ದಿದೆ. ರಬ್ಬರ್.

ಸಾರಿಗೆ ಬೆಲ್ಲ ಜಾಸ್ತಿ. ಬ್ಯಾಂಕಿನ ಹುಡುಗರಲ್ಲಿ ಒಬ್ಬ ರಾಯಚೂರಿನವನು. ಪಾಪ, ಅವನು ದಿನಾ ಖಾರದ ಪುಡಿ ಡಬ್ಬಿ ತಂದು ಕೂರುತ್ತಿದ್ದ. ಅಮ್ಮ ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಅವರ ಪ್ರಕಾರ ಅದು ಅವನ ನಾಲಿಗೆಯ ತಪ್ಪು.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಎಂಟು ವರ್ಷದಲ್ಲಿ ನಾನು ಊರಿಗೆ ಬಂದಿಲ್ಲವೇ? ವರ್ಷಕ್ಕೊಮ್ಮೆ ಮೂರು ವಾರ ಬರುತ್ತೇನೆ. ಆ ಮೂರು ವಾರವೂ ಮನೆಯಲ್ಲಿ ಹಬ್ಬ. ಬಂದ ದಿನ ಹೋಳಿಗೆ, ಮರುದಿನ ಕೋಳಿ, ಅತ್ತೆ ಮನೆಯಲ್ಲಿ ಪಾಯಸ, ಚಿಕ್ಕಮ್ಮನ ಮನೆಯಲ್ಲಿ ಮತ್ತೆ ಕೋಳಿ. ಹೊಟ್ಟೆ ಕೆಟ್ಟು, ಸೂಟ್‌ಕೇಸಿನ ತುಂಬ ಹಪ್ಪಳ ತುಂಬಿಕೊಂಡು ವಿಮಾನ ಹತ್ತುತ್ತೇನೆ. ಅಲ್ಲಿ ಸಂಜೆ ಆಯಿತು ಅಂದರೆ ಬ್ರೆಡ್ಡು, ಚೀಸು, ಸೌತೆಕಾಯಿ. ತಣ್ಣಗಿನ ಊಟ. ಅದೂ ಅಭ್ಯಾಸವಾಗಿದೆ, ದೂರು ಇಲ್ಲ. ಆದರೆ ಮಂಗಳವಾರದ ಊಟ ಅಂತ ಒಂದು ಇರುತ್ತದಲ್ಲ? ಯಾರೂ ಬಂದಿಲ್ಲ, ಯಾವ ಹಬ್ಬವೂ ಇಲ್ಲ, ಬೆಳಗಿನ ಅನ್ನ ಉಳಿದಿದೆ, ಅದಕ್ಕೆ ಒಗ್ಗರಣೆ. ಬಸಳೆ ಹುಳಿ ನಿನ್ನೆಯದು, ಇವತ್ತು ಕುದಿಸಿ ಇನ್ನೂ ರುಚಿ. ಮಜ್ಜಿಗೆ, ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಮಿಡಿ, ಅದರ ತೊಟ್ಟು ಚೀಪುತ್ತಾ ಎದ್ದು ಹೋಗುವುದು. ಅಂಥ ಊಟ ನನಗೆ ಎಂಟು ವರ್ಷದಿಂದ ಯಾರೂ ಹಾಕಿರಲಿಲ್ಲ. ನನ್ನ ಹೆತ್ತಮ್ಮನಿಗೆ ಅದನ್ನು ಹಾಕಲು ಮನಸ್ಸು ಬರುವುದಿಲ್ಲ, ಮಗಳು ಅಷ್ಟು ದೂರದಿಂದ ಬಂದಿದ್ದಾಳೆ ಅಂತ. ಈ ಮನೆಯಲ್ಲಿ ದುಡ್ಡು ಕೊಟ್ಟು ನಿನ್ನೆಯ ಹುಳಿ ತಿಂದೆ. ಎರಡನೇ ಸಲ ಬಡಿಸಿಕೊಂಡೆ.

ಭಾನುವಾರ ಮನೆಗೆ ಹೋಗುತ್ತಿದ್ದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾರಿ. ಮಂಡಗದ್ದೆಯಲ್ಲಿ ತುಂಗೆ ಕೆಂಪಗೆ ತುಂಬಿ, ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು. ಅಣ್ಣ ಮಳೆ ಹೊಳವಾಗುವುದನ್ನೇ ಕಾಯುತ್ತಿದ್ದ, ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆಸಬೇಕು. ಮೈಲುತುತ್ತ, ಸುಣ್ಣ ತಂದಿಟ್ಟು ಆಕಾಶ ನೋಡುತ್ತಿದ್ದ. ತಡವಾದರೆ ಕೊಳೆರೋಗ. ಅವನಿಗೆ ಮೆಗ್ನೀಸಿಯಂ ಕಥೆ ಹೇಳಿದೆ. "ನಿಂಗೆ ಹತ್ತು ನಿಮಿಷ, ನಂಗೆ ಹತ್ತು ದಿನ, ಎರಡೂ ಒಂದೇ" ಅಂದ.

ಈಗ ತಕರಾರುಗಳು. ಇವನ್ನೂ ಓದಿಕೊಂಡೇ ಹೋಗಿ.

ಭಾನುವಾರ ನಾನು ಊಟಕ್ಕೆ ಇರುತ್ತಿರಲಿಲ್ಲ. ಆರು ಭಾನುವಾರದ ಊಟದ ದುಡ್ಡು ಕಳೆಯಿರಿ ಅಂತ ಕೇಳಿದೆ. ಕಳೆಯಲಿಲ್ಲ. "ಒಲೆ ಉರಿದೇ ಉರಿಯುತ್ತಲ್ಲ" ಅಂದರು. ನನಗೆ ಇವತ್ತಿಗೂ ಇದು ಸರಿ ಅನ್ನಿಸಿಲ್ಲ.

ರಾತ್ರಿ ಒಂಬತ್ತೂವರೆಗೆ ಗೇಟಿಗೆ ಬೀಗ. ಒಂದು ರಾತ್ರಿ ತೀರ್ಥಹಳ್ಳಿಯಿಂದ ಬಸ್ಸು ತಡವಾಗಿ ಹತ್ತು ಗಂಟೆಗೆ ಬಂದೆ. ಫೋನ್ ಎತ್ತಲಿಲ್ಲ. ಗೇಟು ಅಲ್ಲಾಡಿಸಿ, ಪಕ್ಕದ ಮನೆಯ ನಾಯಿ ಬೊಗಳಿ, ಕೊನೆಗೆ ಕಂಡಕ್ಟರ್ ತಾತನ ಮನೆಯವರೆಗೂ ಸುದ್ದಿ ಹೋಗಿ ಬಾಗಿಲು ತೆರೆಯಿತು. ಮೂವತ್ತಾರು ವರ್ಷದವಳಿಗೆ ಮಳೆಯಲ್ಲಿ ನಿಲ್ಲಿಸಿ ಬುದ್ಧಿ ಹೇಳಿದರು. ಮರುದಿನವೂ ಹೇಳಿದರು.

ವೈಫೈ ಇದೆ ಅನ್ನುತ್ತಾರೆ, ಇಲ್ಲ ಅಂದುಕೊಂಡೇ ಹೋಗಿ. ಅಲ್ಲಿನ ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಒಂದೂವರೆಗೆ ಮೀಟಿಂಗ್ ಅಂದರೆ ಇಲ್ಲಿ ಐದು ಗಂಟೆ, ಸರಿಯಾಗಿ ಕರೆಂಟ್ ಹೋಗುವ ಹೊತ್ತು. ವಾರದ ವರದಿಯನ್ನು ನಾನು ಕೆಳಗಿನ ಹಾಲ್‌ನಲ್ಲಿ, ಮೊಬೈಲ್ ಡೇಟಾದಲ್ಲಿ, ಹಲಸಿನ ಹಪ್ಪಳ ಕರಿಯುವ ಸದ್ದಿನ ನಡುವೆ ಒಪ್ಪಿಸಿದ್ದೇನೆ. ಅಲ್ಲಿ ಮಳೆ ಬರ್ತಿದೆಯಾ ಅಂತ ಬಾಸ್ ಕೇಳಿದರು. ಬರ್ತಿತ್ತು, ಆದರೆ ಅವರಿಗೆ ಕೇಳಿಸಿದ್ದು ಹಪ್ಪಳ.

ಅಮ್ಮನ ಪ್ರಶ್ನೆಗಳು ಇನ್ನೊಂದು. ಸಂಬಳ ಎಷ್ಟು, ಮದುವೆ ಯಾಕಿಲ್ಲ, ಅಲ್ಲೇ ಇದ್ದುಬಿಡ್ತೀಯಾ? ಮೊದಲ ವಾರ ಸಿಟ್ಟು ಬಂತು. ಆಮೇಲೆ ನಾನೂ ವಾಪಸ್ ಕೇಳಲು ಶುರು ಮಾಡಿದೆ. ಅವರ ತವರು ಲಿಂಗನಮಕ್ಕಿ ಹಿನ್ನೀರಿನ ಕೆಳಗಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಅವರಿಗೆ ಆರು ವರ್ಷವಂತೆ. ಲಾರಿಯಲ್ಲಿ ಬಾಗಿಲು, ಕಂಬ, ಕೊಟ್ಟಿಗೆಯ ಕರು ಎಲ್ಲ ಒಟ್ಟಿಗೇ ಹೇರಿಕೊಂಡು ಬಂದದ್ದು ನೆನಪಿದೆ ಅಂದರು. ನಾನು ಏನೋ ಮರುಕದ ಮಾತು ಆಡಲು ಹೋದೆ. "ಅದೆಲ್ಲ ಇರಲಿ, ನಿಂಗೆ ಊರಿಗೆ ಬಸ್ಸಿದೆ. ಈ ಭಾನುವಾರ ಹೋಗ್ತೀಯೋ ಇಲ್ವೋ ಹೇಳು, ಅಕ್ಕಿ ಅಳೀಬೇಕು" ಅಂದರು. ಭಾನುವಾರದ ದುಡ್ಡು ಕಳೆಯದವರಿಗೆ ಅಕ್ಕಿ ಅಳೆಯುವಾಗ ಮಾತ್ರ ಲೆಕ್ಕ ಬೇಕು, ನೋಡಿ!

ದುಡ್ಡಿನ ವಿಷಯದಲ್ಲಿ ಒಂದು ಒಳ್ಳೆಯ ಮಾತೂ ಹೇಳಬೇಕು. ನನ್ನ ಹಳೆಯ ಇಂಡಿಯಾ ಸಿಮ್ ರೀಚಾರ್ಜ್ ಮಾಡದೆ ಸತ್ತುಹೋಗಿತ್ತು. ಸಿಮ್ ಇಲ್ಲ ಅಂದರೆ ಓಟಿಪಿ ಇಲ್ಲ, ಓಟಿಪಿ ಇಲ್ಲ ಅಂದರೆ ಯುಪಿಐ ಇಲ್ಲ. ಎಳನೀರಿನವನೂ ಸ್ಕ್ಯಾನರ್ ತೋರಿಸುವ ಊರಿನಲ್ಲಿ ನಾನು ಐನೂರರ ನೋಟು ಹಿಡಿದು ಚಿಲ್ಲರೆ ಬೇಡುತ್ತಿದ್ದೆ. ಬ್ಯಾಂಕಿನ ಕೆಲಸ ಸರಿಹೋಗಲು ಎರಡು ವಾರ ಹಿಡಿಯಿತು. ಅಷ್ಟು ದಿನ ಅಮ್ಮ ಒಂದು ಮಾತು ಕೇಳಲಿಲ್ಲ. ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ಸೋಪು, ಔಷಧಿ, ಆಟೋಗೆ ಕೊಟ್ಟ ಅರವತ್ತು ರೂಪಾಯಿ, ಎಲ್ಲ. ಲೆಕ್ಕ ಚುಕ್ತಾ ಮಾಡುವಾಗ ನೋಡಿದೆ. ಮೊದಲ ಎರಡು ವಾರ ನನ್ನ ಲೆಕ್ಕದ ತಲೆಬರಹ "ಜರ್ಮನಿ". ಮೂರನೇ ವಾರದಿಂದ "ಮೇಲಿನ ರೂಮು".

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಭಾನುವಾರದ ಊಟಕ್ಕೆ ಹೋಯಿತು. ವರ್ಗವಾಗಿ ಬಂದವರು, ಪರೀಕ್ಷೆಗೆ ಓದುವವರು, ನನ್ನ ಹಾಗೆ ಒಂದೆರಡು ತಿಂಗಳ ಕೆಲಸಕ್ಕೆ ಬಂದ ಹೆಂಗಸರು ಧೈರ್ಯವಾಗಿ ಹೋಗಬಹುದು. ರಾತ್ರಿ ಕೂತು ಆನ್‌ಲೈನ್ ಕೆಲಸ ಮಾಡುವವರು ಬೇಡ. ಖಾರ ತಿನ್ನುವವರು ಡಬ್ಬಿ ತನ್ನಿ. ಫೋನ್ ಮಾಡುವುದಾದರೆ ಮಧ್ಯಾಹ್ನ ಮೂರರ ನಂತರ ಮಾಡಿ, ಅದಕ್ಕೆ ಮೊದಲು ಎತ್ತುವುದಿಲ್ಲ. ಕೊಡೆ ನಿಮ್ಮದೇ ಇರಲಿ. ಆಶ್ಲೇಷ ಮಳೆ ಹಿಡಿದ ದಿನ ಹೊರಟವಳು ನನ್ನದನ್ನು ಬಾಗಿಲ ಹಿಂದೆ ಮರೆತುಬಂದೆ. ಇನ್ನೂ ಅಲ್ಲೇ ಇದ್ದರೆ ಬಳಸಿಕೊಳ್ಳಿ, ಎಡಗಡೆಯ ಒಂದು ಕಡ್ಡಿ ಮಾತ್ರ ಮುರಿದಿದೆ.